ಉಂಚಳ್ಳಿ ಜಲಪಾತ: ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಉಂಚಳ್ಳಿ ಜಲಪಾತ ಎಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಹೆಗ್ಗರಣೆ ಎಂಬ ಊರಿನಿಂದ ಮುಂದೆ, ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನಡುವೆ ಇದೆ. ಮಲೆನಾಡಿನ ಎತ್ತರದ ನೆಲದಲ್ಲಿ ಅಡಿಕೆ ತೋಟಗಳ ಬದಿಯಲ್ಲಿ ಸಾವಧಾನವಾಗಿ ಹರಿದು ಬರುವ ಅಘನಾಶಿನಿ ನದಿಯು ಘಟ್ಟದ ಅಂಚಿಗೆ ಬಂದೊಡನೆ ಸುಮಾರು 116 ಮೀಟರ್ ಆಳಕ್ಕೆ ಧುಮುಕುತ್ತದೆ. ಆ ಧುಮುಕುವ ತಾಣವೇ ಉಂಚಳ್ಳಿ. ಅಲ್ಲಿಂದ ಮುಂದೆ ನದಿಯು ಆಳವಾದ ಕಣಿವೆಯನ್ನು ಹಿಡಿದು ಕುಮಟಾ ತಾಲ್ಲೂಕಿನ ಕಡೆಗೆ ಸಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಕೆಪ್ಪ ಜೋಗ, ಲುಷಿಂಗ್ಟನ್ ಫಾಲ್ಸ್ ಎಂಬ ಹೆಸರುಗಳು ಬೇರೆ ಜಲಪಾತಗಳವೇ?

ಅಲ್ಲ, ಮೂರೂ ಒಂದೇ. ಮಳೆಗಾಲದ ಭೋರ್ಗರೆತಕ್ಕೆ ಪಕ್ಕದವರ ಮಾತೂ ಕೇಳಿಸದೆ ಕಿವಿ ಕೆಪ್ಪಾಗುವುದರಿಂದ ಸುತ್ತಲಿನ ಜನ ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. ಬ್ರಿಟಿಷ್ ಆಡಳಿತದಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಜೆ. ಡಿ. ಲುಷಿಂಗ್ಟನ್ 1845ರಲ್ಲಿ ಇದನ್ನು ‘ಕಂಡುಹಿಡಿದರು’ ಎಂದು ಹಲವು ಪ್ರವಾಸಿ ಕೈಪಿಡಿಗಳಲ್ಲಿ ಬರೆದಿರುತ್ತದೆ. ತಲೆತಲಾಂತರದಿಂದ ಇದರ ಸದ್ದನ್ನು ಕೇಳಿಕೊಂಡೇ ಬದುಕಿದ ಊರಿನವರಿಗೆ ಅದನ್ನು ಯಾರೂ ಹುಡುಕಿಕೊಡುವ ಅಗತ್ಯವಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಾರಿ ಕೇಳುವಾಗ ‘ಉಂಚಳ್ಳಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಜೋಗ ನೋಡಿದ ಮೇಲೆ ಇದನ್ನೂ ನೋಡಬೇಕೇ?

ಎತ್ತರದ ಲೆಕ್ಕ ಹಿಡಿದರೆ 253 ಮೀಟರ್‌ನ ಜೋಗದ ಮುಂದೆ ಉಂಚಳ್ಳಿ ಅದರ ಅರ್ಧಕ್ಕೂ ಕಡಿಮೆ. ಆದರೆ ಎರಡರ ನಡುವೆ ಎತ್ತರಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದ ಮೇಲೆ ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದು ಬಹುಪಾಲು ಜಲಾಶಯದ ಮಟ್ಟಕ್ಕೂ ಅಲ್ಲಿಂದ ಬಿಡುವ ನೀರಿಗೂ ಸಂಬಂಧಪಟ್ಟ ವಿಷಯವಾಗಿದೆ. ಅಘನಾಶಿನಿಗೆ ಉಗಮದಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಉಂಚಳ್ಳಿಯಲ್ಲಿ ನೀವು ಕಾಣುವ ನೀರು ಆ ವಾರ ಶಿರಸಿ, ಸಿದ್ದಾಪುರದ ಬೆಟ್ಟಗಳ ಮೇಲೆ ಸುರಿದ ಮಳೆ ಮತ್ತು ಅಲ್ಲಿನ ಕಾಡಿನ ನೆಲ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ಒರತೆ, ಇವೆರಡರ ಮೊತ್ತ. ಯಾರೋ ಗೇಟು ತೆಗೆದು ತುಂಬಿಸುವ ಜಲಪಾತ ಇದಲ್ಲ. ಸೊರಗಿದರೂ ಉಕ್ಕಿದರೂ ತನ್ನಷ್ಟಕ್ಕೆ ತಾನೇ. ನನ್ನ ಮಟ್ಟಿಗೆ ಇದನ್ನು ನೋಡಲು ಹೋಗಬೇಕಾದ ಮುಖ್ಯ ಕಾರಣವೇ ಅದು. ಮುಂದೆ ಬರುವ ಎಚ್ಚರಿಕೆಯ ಮಾತುಗಳಲ್ಲಿ ಬಹುಪಾಲಿಗೆ ಮೂಲವೂ ಅದೇ.

ತಲುಪುವುದು ಹೇಗೆ?

ಶಿರಸಿಯಿಂದಲೂ ಸಿದ್ದಾಪುರದಿಂದಲೂ ಹೆಗ್ಗರಣೆಗೆ ರಸ್ತೆಯಿದೆ. ಎರಡೂ ಊರುಗಳಿಂದ ಜಲಪಾತಕ್ಕೆ ಸುಮಾರು ಮೂವತ್ತೈದು ಕಿಲೋಮೀಟರ್ ಎಂದಿಟ್ಟುಕೊಂಡು ಒಂದೂಕಾಲು ತಾಸಿನ ಪಯಣಕ್ಕೆ ಸಿದ್ಧರಾಗಿ; ರಸ್ತೆ ಕಿರಿದು, ತಿರುವು ಹೆಚ್ಚು. ರೈಲಿನಲ್ಲಿ ಬರುವವರಿಗೆ ಶಿವಮೊಗ್ಗ ಮಾರ್ಗದ ಕೊನೆಯ ನಿಲ್ದಾಣವಾದ ತಾಳಗುಪ್ಪ ಅನುಕೂಲ, ಅಲ್ಲಿಂದ ಸಿದ್ದಾಪುರ ಹತ್ತಿರ. ವಿಮಾನದಲ್ಲಿ ಬರುವವರು ಹುಬ್ಬಳ್ಳಿಗೆ ಇಳಿದು ಶಿರಸಿಯ ಮೂಲಕ ಬರಬಹುದು.

ಬಸ್ಸನ್ನೇ ನಂಬಿದವರಿಗೆ ಒಂದು ಮಾತು. ಶಿರಸಿ ಮತ್ತು ಸಿದ್ದಾಪುರಗಳವರೆಗೆ ಬಸ್ಸಿಗೆ ಕೊರತೆಯಿಲ್ಲ. ಅಲ್ಲಿಂದ ಒಳಗಿನ ಊರುಗಳಿಗೆ ಹೋಗುವ ಬಸ್ಸುಗಳು ಶಾಲೆಯ ಮಕ್ಕಳ ಮತ್ತು ಪೇಟೆಗೆ ಬರುವವರ ಸಮಯಕ್ಕೆ ಹೊಂದಿಕೊಂಡಿರುತ್ತವೆಯೇ ಹೊರತು ಪ್ರವಾಸಿಗರ ಸಮಯಕ್ಕಲ್ಲ. ಹೋಗುವ ಬಸ್ಸಿಗಿಂತ ಮೊದಲು ಹಿಂದಿರುಗುವ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೇಳಿ. ಹೆಗ್ಗರಣೆಯಿಂದ ಜಲಪಾತದವರೆಗಿನ ಸುಮಾರು ಐದು ಕಿಲೋಮೀಟರಿಗೆ ಸ್ವಂತ ವಾಹನವೋ ಬಾಡಿಗೆ ರಿಕ್ಷಾವೋ ಬೇಕಾಗುತ್ತದೆ.

ಕಾಡಿನಲ್ಲಿ ಐದು ಕಿಲೋಮೀಟರ್ ಚಾರಣ ಮಾಡಬೇಕು ಎಂದು ಓದಿದ್ದೇವೆ. ನಿಜವೇ?

ಅದು ಹೆಗ್ಗರಣೆಯಿಂದ ಕಾಲ್ನಡಿಗೆಯಲ್ಲೇ ಹೋಗಬೇಕಿದ್ದ ಕಾಲದ ಮಾತು. ಇಂದಿಗೂ ಹಲವು ಬರಹಗಳಲ್ಲಿ ಆ ಮಾತು ಹಾಗೆಯೇ ಉಳಿದುಕೊಂಡಿದೆ. ಈಗ ವಾಹನಗಳು ಜಲಪಾತದ ಸಮೀಪದವರೆಗೂ ಹೋಗುತ್ತವೆ. ವಾಹನ ನಿಲ್ಲಿಸಿದ ಜಾಗದಿಂದ ಮರಗಳ ನಡುವಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದು, ಮೆಟ್ಟಿಲು ಇಳಿದರೆ ಕಟಕಟೆ ಹಾಕಿದ ವೀಕ್ಷಣಾ ಸ್ಥಳಗಳು ಸಿಗುತ್ತವೆ. ನಿಧಾನವಾಗಿ ನಡೆಯುವವರಿಗೂ ಅರ್ಧ ತಾಸಿನೊಳಗೆ ಮುಗಿಯುವ ದಾರಿ ಇದು. ಹೋಗುವಾಗ ಇಳಿಜಾರು, ಬರುವಾಗ ಏರು ಎಂಬುದನ್ನು ಮಾತ್ರ ಮರೆಯಬಾರದು.

ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದೇ?

ದಿನನಿತ್ಯ ಒಂದಿಷ್ಟು ನಡೆಯುವ ಅಭ್ಯಾಸವಿರುವ ಹಿರಿಯರು ಹೋಗಿ ಬರಬಹುದು. ಮೊಣಕಾಲು ನೋವಿರುವವರಿಗೆ ಮೆಟ್ಟಿಲು ಇಳಿಯುವುದೇ ಹತ್ತುವುದಕ್ಕಿಂತ ಕಷ್ಟವಾಗುತ್ತದೆ. ಅಂಥವರು ಮೇಲಿನ ವೀಕ್ಷಣಾ ಸ್ಥಳದಲ್ಲೇ ಕುಳಿತರೂ ನಷ್ಟವೇನಿಲ್ಲ, ಏಕೆಂದರೆ ಈ ಜಲಪಾತ ಪೂರ್ತಿಯಾಗಿ ಕಾಣುವುದು ದೂರದಿಂದಲೇ. ಊರುಗೋಲು ತನ್ನಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಕಟಕಟೆಯ ಮೇಲೆ ಕೂರಿಸಿ ಫೋಟೋ ತೆಗೆಯಬೇಡಿ. ಗಾಲಿಕುರ್ಚಿ ಸಾಗುವ ದಾರಿ ಇದಲ್ಲ.

ಹೋಗಲು ಯಾವ ತಿಂಗಳು ಒಳ್ಳೆಯದು?

ನೀವು ಏನನ್ನು ನೋಡಬೇಕೆಂದಿದ್ದೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜಲಪಾತ ತನ್ನ ಪೂರ್ಣ ರಭಸದಲ್ಲಿರುತ್ತದೆ. ಕೆಂಪು ಬೆರೆತ ನೀರು ಬಂಡೆಯನ್ನೇ ಮುಚ್ಚಿ ಬೀಳುತ್ತದೆ, ಕಣಿವೆಯಿಂದ ಮೇಲೇಳುವ ತುಂತುರು ವೀಕ್ಷಣಾ ಸ್ಥಳದಲ್ಲಿ ನಿಂತವರ ಮುಖಕ್ಕೂ ತಾಗುತ್ತದೆ. ಆದರೆ ಅದೇ ದಿನಗಳಲ್ಲಿ ಮಂಜು ಕಣಿವೆಯನ್ನು ತುಂಬಿಕೊಂಡು, ಎದುರಿಗೇ ಇರುವ ಜಲಪಾತ ಸದ್ದಾಗಿ ಮಾತ್ರ ಉಳಿಯುವುದೂ ಉಂಟು. ಏನೂ ಕಾಣಲಿಲ್ಲವೆಂದು ಐದು ನಿಮಿಷಕ್ಕೇ ಹಿಂದಿರುಗುವ ತಂಡಗಳನ್ನು ಕಂಡಾಗ ಬೇಸರವಾಗುತ್ತದೆ. ಗಾಳಿಯ ದಿಕ್ಕು ಬದಲಾದರೆ ಮಂಜು ಸರಿಯುತ್ತದೆ. ಮುಕ್ಕಾಲು ತಾಸಾದರೂ ಕಾಯುವ ವ್ಯವಧಾನ ಇಟ್ಟುಕೊಂಡು ಬರಬೇಕು.

ನೀರೂ ಬೇಕು, ನೋಟವೂ ಸ್ಪಷ್ಟವಾಗಿರಬೇಕು ಎನ್ನುವವರಿಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಸಮಯ ಉತ್ತಮ. ನೀರು ಆಗ ತಿಳಿಯಾಗಿ ಬೆಳ್ಳಗಾಗಿರುತ್ತದೆ, ಬಂಡೆಯ ಮೈ ಅಲ್ಲಲ್ಲಿ ಹೊರಗೆ ಕಾಣಿಸಿಕೊಂಡು ಧಾರೆ ಹೇಗೆ ಒಡೆದು ಹೇಗೆ ಕೂಡುತ್ತದೆ ಎಂಬುದನ್ನು ಗಮನಿಸಲು ಸಾಧ್ಯವಾಗುತ್ತದೆ. ಒಂದೇ ಸಲ ಹೋಗುವವರಿಗೆ ನಾನು ಅಕ್ಟೋಬರನ್ನೇ ಹೇಳುತ್ತೇನೆ. ಜನವರಿಯ ನಂತರ ನೀರು ದಿನೇ ದಿನೇ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದು ನಿರಾಶರಾದವರು ಜಲಪಾತವನ್ನು ದೂರುವಂತಿಲ್ಲ.

ಕೆಳಗಿಳಿದು ನೀರಿನಲ್ಲಿ ಆಡಬಹುದೇ?

ಇಲ್ಲ. ಈ ಪ್ರಶ್ನೆಗೆ ‘ಸ್ವಲ್ಪ ಹುಷಾರಾಗಿದ್ದರೆ ಆಗಬಹುದು’ ಎಂಬಂಥ ನಡುವಿನ ಉತ್ತರ ಇಲ್ಲವೇ ಇಲ್ಲ. ಉಂಚಳ್ಳಿಯು ಎದುರಿನ ದಡದ ಎತ್ತರದಿಂದ ನೋಡಬೇಕಾದ ಜಲಪಾತ. ವೀಕ್ಷಣಾ ಸ್ಥಳಕ್ಕೂ ನೀರು ಬೀಳುವ ಗುಂಡಿಗೂ ನಡುವೆ ಕಡಿದಾದ ಕಣಿವೆಯಿದೆ. ಕಟಕಟೆ ದಾಟಿ ಇಳಿಯುವ ಸವೆದ ಹೆಜ್ಜೆಜಾಡುಗಳು ಕಂಡರೆ ಅವನ್ನು ದಾರಿ ಎಂದುಕೊಳ್ಳಬೇಡಿ. ಒದ್ದೆ ಮಣ್ಣಿನ ಮೇಲೆ ಎಲೆಯ ಹಾಸು, ಅದರಡಿಯಲ್ಲಿ ಪಾಚಿ ಹಿಡಿದ ಕಲ್ಲು, ಆಧಾರಕ್ಕೆ ಹಿಡಿದರೆ ಬೇರುಸಹಿತ ಕಿತ್ತುಬರುವ ಗಿಡ: ಜಾರಿದವರು ಎಲ್ಲಿ ನಿಲ್ಲುತ್ತಾರೆಂದು ಹೇಳಲಾಗದು.

ಜಲಪಾತದ ನೆತ್ತಿಯ ಕಡೆಗೆ ಹೋಗಿ ನದಿಯಲ್ಲಿ ಕಾಲಾಡಿಸುವುದು ಇನ್ನೂ ಅಪಾಯದ ಕೆಲಸ. ಅಲ್ಲಿ ನೀರು ಮೊಣಕಾಲಿನಷ್ಟೇ ಇರಬಹುದು, ಬಿಸಿಲೂ ಇರಬಹುದು. ಆದರೆ ಮೇಲ್ಭಾಗದ ಯಾವುದೋ ಬೆಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಹನಿಯೂ ಬೀಳದೆ ಹೊಳೆ ಏರುತ್ತದೆ. ಅಣೆಕಟ್ಟಿಲ್ಲದ ನದಿಗೆ ಎಚ್ಚರಿಕೆಯ ಸೈರನ್ ಊದುವವರೂ ಇಲ್ಲ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಬಗ್ಗಡವಾಗುವುದು, ತರಗೆಲೆ ಕಡ್ಡಿಗಳು ತೇಲಿ ಬರುವುದು ಪ್ರವಾಹದ ಮುನ್ಸೂಚನೆ. ಮಲೆನಾಡಿನ ಯಾವುದೇ ಹಳ್ಳದ ಬದಿಯಲ್ಲಿದ್ದಾಗಲೂ ಇದನ್ನು ಕಂಡೊಡನೆ ದಡ ಸೇರಬೇಕು. ನೀರಾಟವೇ ಉದ್ದೇಶವಾದರೆ ಸ್ಥಳೀಯರನ್ನು ಕೇಳಿಕೊಂಡು ಬೇರೆ ಜಾಗ ನೋಡಿಕೊಳ್ಳಿ.

ಸುತ್ತಲಿನ ಕಾಡು ನಿಜಕ್ಕೂ ಮಳೆಕಾಡೇ?

ಹೌದು. ಹುಬ್ಬಳ್ಳಿಯಿಂದ ಮುಂಡಗೋಡಿನ ಮೇಲೆ ಶಿರಸಿಗೆ ಬಂದು ಅಲ್ಲಿಂದ ಹೆಗ್ಗರಣೆಯ ಕಡೆಗೆ ಹೊರಟರೆ ಕಾಡು ಬದಲಾಗುವುದನ್ನು ಕಣ್ಣಾರೆ ಕಾಣಬಹುದು. ಮುಂಡಗೋಡಿನ ಸುತ್ತ ಬೇಸಿಗೆಯಲ್ಲಿ ಎಲೆ ಉದುರಿಸುವ ಸಾಗುವಾನಿ, ಮತ್ತಿಗಳಿವೆ. ಪಶ್ಚಿಮಕ್ಕೆ ಸರಿದಂತೆ ವರ್ಷವಿಡೀ ಹಸಿರಾಗಿರುವ, ನಡುಹಗಲಿನಲ್ಲೂ ನೆಲಕ್ಕೆ ಬಿಸಿಲು ಬಿಡದ ಕಾಡು ಆರಂಭವಾಗುತ್ತದೆ. ಇಂಥ ದಟ್ಟ ಹಸಿರು ಕಾಡನ್ನೇ ಇಲ್ಲಿಯವರು ಕಾನು ಎನ್ನುವುದು. ದಾರಿಯ ಇಕ್ಕೆಲದ ಇಳಿಜಾರುಗಳಲ್ಲಿ ಕೊಂಬೆ ಸವರಿಸಿಕೊಂಡು ಬೋಳಾಗಿ ನಿಂತ ಮರಗಳು ಕಂಡರೆ ಅವು ಕಾಡುಗಳ್ಳರ ಕೈಚಳಕವಲ್ಲ. ಕೆಳಗಿನ ಅಡಿಕೆ ತೋಟಕ್ಕೆ ಹಸಿರೆಲೆ ಗೊಬ್ಬರ ಒದಗಿಸುವ ಸೊಪ್ಪಿನ ಬೆಟ್ಟಗಳು ಅವು.

ಈ ಭಾಗದ ಅಪೂರ್ವ ಸಂಪತ್ತೆಂದರೆ ರಾಮಪತ್ರೆ ಜಡ್ಡಿಗಳು. ಸದಾ ನೀರು ಜಿನುಗುವ ಕಣಿವೆಯ ತಳದಲ್ಲಿ ಜಾಯಿಕಾಯಿಯ ಬಳಗದ ಮರಗಳು ಬೆಳೆದು ನಿಂತಿರುವ ಜೌಗು ಕಾಡುಗಳಿವು. ಕೆಸರಿನಲ್ಲಿ ಹುದುಗಿದ ಬೇರುಗಳಿಗೆ ಗಾಳಿ ಸಿಗದ ಕಾರಣ, ಅವು ಮಡಚಿದ ಮೊಣಕಾಲಿನ ಆಕಾರದಲ್ಲಿ ನೆಲದಿಂದ ಮೇಲೆದ್ದು, ಉಸಿರಾಡಿಕೊಂಡು, ಮತ್ತೆ ಕೆಸರಿಗೆ ಇಳಿಯುತ್ತವೆ. ಜೋಗದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿರುವ ಕತ್ತಲೆಕಾನಿನ ಜಡ್ಡಿಗಳು ಪ್ರಸಿದ್ಧ. ಗೇರಿನ ಕುಟುಂಬಕ್ಕೆ ಸೇರಿದ, ಅಲ್ಲಿಯವರೆಗೆ ವಿಜ್ಞಾನಕ್ಕೆ ಪರಿಚಯವಿಲ್ಲದಿದ್ದ ಮರವೊಂದನ್ನು ಅಲ್ಲಿ ಗುರುತಿಸಿ, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಇಟ್ಟರು. ಜಲಪಾತದ ಕಾಲುದಾರಿಯಲ್ಲಿ ನಿಮಗೆ ಜಡ್ಡಿ ಎದುರಾಗುವುದಿಲ್ಲ. ಆದರೆ ಬೇಸಿಗೆಯಲ್ಲೂ ಘಟ್ಟದ ಹೊಳೆಗಳಲ್ಲಿ ಒಂದಿಷ್ಟು ನೀರು ಉಳಿಯುವುದಕ್ಕೆ ಇಂಥ ನೂರಾರು ಒದ್ದೆ ತಳಗಳ ಪಾತ್ರ ದೊಡ್ಡದು.

ಯಾವ ಪ್ರಾಣಿ ಪಕ್ಷಿಗಳು ಕಾಣಸಿಗುತ್ತವೆ?

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಸಿಂಗಳೀಕದ ಬಗ್ಗೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ ಇದರ ಗುರುತು. ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ, ಮತ್ತು ಅದರ ನೆಲೆಯ ಉತ್ತರದ ತುದಿ ಇರುವುದು ಇದೇ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ ಅದಕ್ಕೂ ಸಿಂಗಳೀಕದ ಹೆಸರನ್ನೇ ಸೇರಿಸಲಾಯಿತು. ಸಿಂಗಳೀಕ ಮರದಿಂದ ಮರಕ್ಕೆ ಮೇಲ್ಛಾವಣಿಯಲ್ಲೇ ಸಾಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಡಿಮೆ. ಕಾಡು ನಡುವೆ ತುಂಡಾದರೆ ಅದರ ಓಡಾಟವೇ ನಿಂತುಹೋಗುತ್ತದೆ. ಅದು ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು. ಉಪ್ಪಾಗೆಯ ಸಿಪ್ಪೆಯನ್ನು ಮಳೆಗಾಲದಲ್ಲಿ ಒಟ್ಟುಮಾಡಿ, ಒಲೆಯ ಬೆಂಕಿಗೆ ಒಣಗಿಸಿ ಮಾರುವುದು ಇಲ್ಲಿನ ಹಲವು ಮನೆಗಳ ಆದಾಯವೂ ಹೌದಾದ್ದರಿಂದ ಮರದ ಹಣ್ಣಿನಲ್ಲಿ ಮನುಷ್ಯನಿಗೂ ಸಿಂಗಳೀಕಕ್ಕೂ ಪಾಲಿದೆ.

ಅರ್ಧ ತಾಸಿನ ನಡಿಗೆಯಲ್ಲಿ ಸಿಂಗಳೀಕ ಕಂಡರೆ ನಿಮ್ಮ ಅದೃಷ್ಟ. ಮುಸಿಯ, ಕೆಂಜಳಿಲು ಕಾಣುವ ಸಂಭವ ಹೆಚ್ಚು. ರೆಕ್ಕೆ ಬಡಿಯುವ ಭಾರವಾದ ಸದ್ದು ತಲೆಯ ಮೇಲೆ ಹಾದುಹೋದರೆ ಮಂಗಟ್ಟೆ ಹಕ್ಕಿ ಇರಬಹುದು, ತಲೆಯೆತ್ತಿ ನೋಡಿ. ಯಾವ ಪ್ರಾಣಿಗೂ ತಿನ್ನಲು ಏನನ್ನೂ ಕೊಡಬೇಡಿ.

ಉಂಬಳಗಳ (ಜಿಗಣೆಗಳ) ಕಾಟ ಎಷ್ಟಿರುತ್ತದೆ?

ಮಳೆಗಾಲದಲ್ಲಿ ಇದ್ದೇ ಇರುತ್ತದೆ. ನಡೆಯುತ್ತಿರುವವರಿಗಿಂತ ನಿಂತವರಿಗೆ ಹೆಚ್ಚು ಹತ್ತುತ್ತವೆ. ಶೂ ಒಳಗೆ ಉದ್ದನೆಯ ಸಾಕ್ಸ್ ಹಾಕಿ ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ. ಉಪ್ಪು, ಸುಣ್ಣ, ತಂಬಾಕಿನ ಪುಡಿ ಯಾವುದಾದರೂ ಒಂದು ಜೊತೆಗಿರಲಿ. ಕಚ್ಚಿದ ಜಾಗದಿಂದ ರಕ್ತ ಸ್ವಲ್ಪ ಹೊತ್ತು ನಿಲ್ಲದೆ ಜಿನುಗುವುದು ಸಹಜ. ಹೆದರಬೇಕಾಗಿಲ್ಲ, ಒತ್ತಿ ಹಿಡಿದು ತೊಳೆದರೆ ಸಾಕು. ಉಂಬಳದ ಬಗ್ಗೆ ಇಷ್ಟೊಂದು ಪ್ರಶ್ನೆ ಕೇಳುವವರು ಮುಂದಿನ ವಿಷಯವನ್ನು ಕೇಳದೇ ಇರುವುದು ನನಗೆ ಆಶ್ಚರ್ಯ ತರಿಸುತ್ತದೆ.

ಮಂಗನ ಕಾಯಿಲೆಯ ಭಯವಿದೆಯೇ?

ಭಯ ಬೇಡ, ತಿಳಿವಳಿಕೆ ಬೇಕು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ವೈದ್ಯರು ಕರೆಯುವ ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ಸಿದ್ದಾಪುರ ತಾಲ್ಲೂಕಿನಲ್ಲೂ ಇದು ಕಾಣಿಸಿಕೊಂಡಿದೆ. ವೈರಸ್ ಹೊತ್ತ ಉಣುಗು (ರಕ್ತ ಹೀರುವ ಪುಟ್ಟ ಹುಳ) ಕಚ್ಚುವುದರಿಂದ ಮನುಷ್ಯರಿಗೂ ಮಂಗಗಳಿಗೂ ತಗಲುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಳೆ ನಿಂತು ಎಲೆ ಒಣಗಿದ ಮೇಲೆ, ಅಂದರೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಆ ತಿಂಗಳುಗಳಲ್ಲಿ ಬರುವವರು ಕಾಲುದಾರಿ ಬಿಟ್ಟು ಕಾಡಿನೊಳಗೆ ಹೋಗಬಾರದು. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಪೂರ್ಣ ತೋಳಿನ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಈ ಭಾಗದಲ್ಲಿ ಕೊಡುವ ಡೇಪಾ ಎಣ್ಣೆಯಂಥ ಲೇಪ ಹಚ್ಚಿಕೊಳ್ಳಿ. ಮನೆಗೆ ಹೋದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸ್ನಾನ ಮಾಡಿ, ಮೈಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಹಿಂದಿರುಗಿದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಸಿದ್ದಾಪುರದ ಕಾಡಿಗೆ ಹೋಗಿದ್ದೆನೆಂದು ಹೇಳಲೇಬೇಕು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕುಳಿತ ವೈದ್ಯರಿಗೆ ನೀವು ಹೇಳದಿದ್ದರೆ ಅದು ಹೊಳೆಯುವುದಾದರೂ ಹೇಗೆ?

ಪ್ರವೇಶ ಶುಲ್ಕ, ಸಮಯ, ಅನುಮತಿಗಳ ವಿಷಯವೇನು?

ಕಾಡು ಅರಣ್ಯ ಇಲಾಖೆಗೆ ಸೇರಿದ್ದು. ಗೇಟಿನಲ್ಲಿ ಕೇಳಿದ ಶುಲ್ಕ ಕೊಟ್ಟು ರಶೀದಿ ಪಡೆಯಿರಿ. ಬೆಳಕಿರುವಾಗ ಹೋಗಿ ಬೆಳಕಿರುವಾಗಲೇ ಹಿಂದಿರುಗುವುದು ನಿಯಮವೆಂದು ಇಟ್ಟುಕೊಳ್ಳಿ. ಮಧ್ಯಾಹ್ನ ಮೂರರ ನಂತರ ಶಿರಸಿಯಿಂದ ಹೊರಡುವುದರಲ್ಲಿ ಅರ್ಥವಿಲ್ಲ. ಭಾರೀ ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದುಂಟು, ಹೊರಡುವ ದಿನ ಬೆಳಿಗ್ಗೆ ವಿಚಾರಿಸಿ. ಡ್ರೋನ್ ಹಾರಿಸಲು ಪೂರ್ವಾನುಮತಿ ಬೇಕು. ಮದ್ಯಪಾನಕ್ಕೆ ಇದು ಸ್ಥಳವಲ್ಲ.

ಊಟ, ವಸತಿ, ಮೊಬೈಲ್ ಸಂಪರ್ಕ?

ಜಲಪಾತದ ಬಳಿ ಹೋಟೆಲನ್ನು ನಿರೀಕ್ಷಿಸಬೇಡಿ. ಶಿರಸಿ, ಸಿದ್ದಾಪುರಗಳಲ್ಲಿ ತಿಂಡಿ ಮುಗಿಸಿ, ಕುಡಿಯುವ ನೀರನ್ನು ಹೊತ್ತುಕೊಂಡೇ ಬನ್ನಿ. ಉಳಿಯುವವರಿಗೆ ಶಿರಸಿಯಲ್ಲಿ ವಸತಿಗೃಹಗಳಿವೆ, ಸುತ್ತಲಿನ ಹಳ್ಳಿಗಳಲ್ಲಿ ಹೋಂಸ್ಟೇಗಳಿವೆ. ಹೋಂಸ್ಟೇಯಲ್ಲಿ ಉಳಿದರೆ ಅಪ್ಪೆಹುಳಿ ಕೇಳಿ ಹಾಕಿಸಿಕೊಳ್ಳಿ: ಅಪ್ಪೆಮಿಡಿಯ ಕಾಡುಮಾವಿನ ಮರಗಳು ಇದೇ ಅಘನಾಶಿನಿಯ ಮತ್ತು ನೆರೆಯ ನದಿಗಳ ದಂಡೆಯಲ್ಲಿ ಬೆಳೆಯುವಂಥವು. ತೊಟ್ಟು ಮುರಿದಾಗ ಬರುವ ಸೊನೆಯ ಪರಿಮಳವನ್ನು ಮೂಸಿಯೇ ಇಲ್ಲಿಯವರು ಮಿಡಿಯ ತಳಿ ಹೇಳುತ್ತಾರೆ.

ಹೆಗ್ಗರಣೆ ದಾಟಿದ ಮೇಲೆ ಮೊಬೈಲ್ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಶುಲ್ಕಕ್ಕೂ ರಿಕ್ಷಾಕ್ಕೂ ಚಿಲ್ಲರೆ ನಗದು ಇರಲಿ. ಪೆಟ್ರೋಲನ್ನು ಪೇಟೆಯಲ್ಲೇ ತುಂಬಿಸಿ.

ಕಸದ ತೊಟ್ಟಿ ಇದೆಯೇ?

ಇದ್ದರೂ ಅದಕ್ಕೆ ಹಾಕಬೇಡಿ. ತುಂಬಿದ ತೊಟ್ಟಿಯನ್ನು ಮಂಗಗಳು ಕೆದಕುತ್ತವೆ, ಗಾಳಿ ಉಳಿದದ್ದನ್ನು ಕಣಿವೆಗೆ ಒಯ್ಯುತ್ತದೆ, ಮಳೆ ಅದನ್ನು ಹೊಳೆಗೆ ದೂಡುತ್ತದೆ. ಈ ಹೊಳೆಯ ಕೊನೆಯಲ್ಲಿರುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ, ಮೀನು ಹಿಡಿದು, ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆದು ಬದುಕುವ ಕುಟುಂಬಗಳಿವೆ. ಆ ಅಳಿವೆಯು 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಡುವೆ ಕಸವನ್ನು ತಡೆಯಲು ಜಲಾಶಯವೂ ಇಲ್ಲದ್ದರಿಂದ ಇಲ್ಲಿ ಬಿದ್ದ ಚಿಪ್ಸ್ ಪೊಟ್ಟಣ ಅಲ್ಲಿಗೇ ಹೋಗುತ್ತದೆ. ನಿಮ್ಮ ಚೀಲದಲ್ಲಿಯೇ ಶಿರಸಿಗೆ ತನ್ನಿ.

ಅದೇ ದಿನ ಇನ್ನೇನು ನೋಡಬಹುದು?

ಸಿದ್ದಾಪುರದ ಕಡೆಯಿಂದ ಬಂದವರು ಬಿಳಗಿಯ ರತ್ನತ್ರಯ ಬಸದಿಯನ್ನು ನೋಡಬಹುದು, ಶಿರಸಿಯ ಕಡೆಯಿಂದ ಬಂದವರು ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗವನ್ನು ನೋಡಬಹುದು. ಒಂದೇ ದಿನದಲ್ಲಿ ಜೋಗ, ಉಂಚಳ್ಳಿ, ಯಾಣ ಮೂರನ್ನೂ ಮುಗಿಸುವ ಯೋಜನೆ ಹಾಕಿಕೊಂಡು ಬರುವವರಿಗೆ ದಿನದ ಬಹುಪಾಲು ಘಟ್ಟದ ತಿರುವುಗಳಲ್ಲೇ ಕಳೆಯುತ್ತದೆ. ಮಳೆಗಾಲವಾದರೆ ಉಂಚಳ್ಳಿಗೆ ಅರ್ಧ ದಿನವನ್ನಾದರೂ ಪೂರ್ತಿಯಾಗಿ ಬಿಟ್ಟುಕೊಡಿ, ಮಂಜು ಸರಿಯಲು ಕಾಯುವ ಹೊತ್ತೂ ಅದರಲ್ಲೇ ಸೇರಿರಲಿ.